ತರಕಾರಿ ಟ್ರೇಯೊಳಗಿನ ಗುಡ್ಡ

ಸುಪ್ರೀತಾಳ ಫ್ರಿಜ್ಜಿನಲ್ಲಿ ತರಕಾರಿಗೆ ಜಾಗವಿರಲಿಲ್ಲ. ತರಕಾರಿಗೆಂದೇ ಇರುವ ಕೆಳಗಿನ ಟ್ರೇಯ ಅರ್ಧವನ್ನು ಮೂರು ಐಸ್‌ಕ್ರೀಮ್ ಡಬ್ಬಿಗಳು ಹಿಡಿದುಕೊಂಡಿದ್ದವು. ಒಳಗೆ ಐಸ್‌ಕ್ರೀಮ್ ಇದ್ದಿದ್ದರೆ ಹೋಗಲಿ ಎನ್ನಬಹುದಿತ್ತು. ಇದ್ದದ್ದು ಮಣ್ಣು. ದೋಸೆ ಹಿಟ್ಟು, ಮೊಸರು, ನಾಲ್ಕು ವರ್ಷದ ಮಗನ ಕೆಮ್ಮಿನ ಸಿರಪ್ಪು ಇಡುವ ಜಾಗದಲ್ಲಿ ಮಣ್ಣು! ಬೆಂಡೆಕಾಯಿ ಅಡುಗೆ ಕಟ್ಟೆಯ ಮೇಲೆ ಬಾಡುತ್ತಿತ್ತು, ಕೊತ್ತಂಬರಿ ಸೊಪ್ಪು ಮೊಟ್ಟೆಯ ಗೂಡಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಆ ಮಣ್ಣು ಮಾತ್ರ ಮಹಾರಾಜನ ಹಾಗೆ ತಣ್ಣಗೆ ಮಲಗಿತ್ತು.

"ಯಾರಿಗೂ ಇಲ್ಲ ಅನ್ನೋಕೆ ಬರಲ್ವಲ್ಲ ರೀ ನಂಗೆ!" ಎಂದು ಅವಳು ಗಂಡನ ಮುಂದೆ ಗೋಳಾಡಿದಳು.

"ನನ್ನ ಹತ್ರ ಮಾತ್ರ ಚಂದ ಬರ್ತದೆ ನಿನಗೆ," ಎಂದ ಸುಜಿತ್, ಶೂ ಲೇಸು ಕಟ್ಟುತ್ತ. ಶಿಪ್ಪಿಂಗ್ ಕಂಪನಿಯ ಕೆಲಸಕ್ಕೆ ಅವನಿಗೆ ಆಗಲೇ ತಡವಾಗಿತ್ತು.

ಆ ಮಣ್ಣಿನ ಯಜಮಾನರು ಲಿಯೊನೆಲ್ ಅಂಕಲ್. ದುಬೈಯ ದೇರಾದ ಆ ಹಳೆಯ ಕಟ್ಟಡದ ನಾಲ್ಕನೇ ಮಹಡಿಯ ಫ್ಲ್ಯಾಟು ಸುಜಿತನ ಹೆಸರಿನಲ್ಲಿತ್ತು. ಆದರೆ ದೇರಾದಲ್ಲಿ ಇಡೀ ಫ್ಲ್ಯಾಟನ್ನು ಒಂದೇ ಸಂಸಾರ ಆಳುವುದು ಎಲ್ಲಿಯ ಮಾತು? ಬೆಡ್‌ರೂಮು ಸುಪ್ರೀತಾಳ ಸಂಸಾರಕ್ಕೆ, ಹಾಲಿಗೆ ಜಿಪ್ಸಮ್ ಬೋರ್ಡಿನ ಗೋಡೆ ಹಾಕಿ ಮಾಡಿದ ಪಾರ್ಟಿಶನ್ನು ಲಿಯೊನೆಲ್ ಅಂಕಲಿಗೆ, ಅಡುಗೆಮನೆ ಮತ್ತು ಫ್ರಿಜ್ಜು ಇಬ್ಬರಿಗೂ. ಕಿನ್ನಿಗೋಳಿಯವರು, ಮೂಲ್ಕಿಯ ಸುಜಿತನ ಅಪ್ಪನಿಗೆ ಹಳೆಯ ಪರಿಚಯ, ವಯಸ್ಸು ಐವತ್ತೇಳು. ಅದೊಂದು ಧೈರ್ಯದ ಮೇಲೆ ಮಗುವಿರುವ ಮನೆಗೆ ಒಂಟಿ ಗಂಡಸನ್ನು ಸೇರಿಸಿಕೊಳ್ಳಲು ಅವಳು ಒಪ್ಪಿದ್ದು. ಸುಜಿತ್ ಅವರನ್ನು ಊರಿನಲ್ಲಿ ತುಳುವರು ಕ್ರೈಸ್ತರನ್ನು ಕರೆಯುವ ಹಾಗೆ "ಪೊರ್ಬುಲೇ" ಎಂದು ಕರೆಯುತ್ತಿದ್ದ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಸುಪ್ರೀತಾಳಿಗೆ ಅಂಕಲ್ ಬಿಟ್ಟರೆ ಬೇರೆ ಬಾಯಿಗೆ ಬರುತ್ತಿರಲಿಲ್ಲ. ಅವರು ಕೊಂಕಣಿಯ ರೂಢಿಯಂತೆ ಅವಳನ್ನು "ಬಾಯಿ" ಎಂದೂ ಅವಳ ಮಗನನ್ನು "ಪುತಾ" ಎಂದೂ ಕರೆಯುತ್ತಿದ್ದರು.

ದೂರಲು ಕಾರಣ ಕೊಡದ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅವಳಿಗೆ ಗೊತ್ತಾದದ್ದೇ ಅವರಿಂದ. ಬೆಳಗಿನ ಐದೂಕಾಲಿನ ಕಂಪನಿ ಬಸ್ಸಿಗೆ ಬೆಕ್ಕಿನ ಹೆಜ್ಜೆ ಇಟ್ಟು ಹೊರಡುತ್ತಿದ್ದರು. ಸಂಜೆ ಬಂದು ಮಣ್ಣು ಮೆತ್ತಿದ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹೊರಗೆ ಇಡುತ್ತಿದ್ದರು. ಸ್ನಾನ, ಜಪಮಾಲೆ, ಊರಿನಲ್ಲಿರುವ ಹೆಂಡತಿ ಫೆಲ್ಸಿಗೊಂದು ಫೋನು, ಊಟ, ನಿದ್ದೆ. ಬಾತ್‌ರೂಮನ್ನು ಅವರು ಬಳಸಿದ ಮೇಲೆ ಅವಳು ತೊಳೆಯಬೇಕಾಗಿರಲಿಲ್ಲ. ಅವಳು ಬಳಸಿದ ಮೇಲೆ ಅವರು ತೊಳೆಯುತ್ತಿದ್ದರೇನೋ ಎಂಬ ಗುಮಾನಿ ಇತ್ತು.

ಎಂಬತ್ತೇಳನೇ ಇಸವಿಯಲ್ಲಿ ದುಬೈಗೆ ಬಂದವರು. ಇಪ್ಪತ್ತೇಳು ವರ್ಷ ಅವರು ಮಾಡಿದ ಕೆಲಸ ಒಂದೇ: ರಸ್ತೆಯ ನಡುವಿನ ಪಟ್ಟಿಯಲ್ಲಿ, ರೌಂಡ್ ಅಬೌಟುಗಳಲ್ಲಿ ಪೆಟೂನಿಯಾ ನೆಡುವುದು. ಅಕ್ಟೋಬರಿನಲ್ಲಿ ನೆಡಬೇಕು, ಮೇ ತಿಂಗಳಲ್ಲಿ ಕಿತ್ತು ಲಾರಿಗೆ ತುಂಬಬೇಕು, ಮತ್ತೆ ಅಕ್ಟೋಬರಿನಲ್ಲಿ ಹೊಸದು ನೆಡಬೇಕು. "ಲಕ್ಷಗಟ್ಲೆ ಗಿಡ ನೆಟ್ಟಿದ್ದೇನೆ ಬಾಯಿ," ಎಂದು ಒಮ್ಮೆ ಹೇಳಿದ್ದರು, "ಒಂದು ಗಿಡದ ಎರಡನೇ ವರ್ಷದ ಹೂ ನೋಡ್ಲಿಲ್ಲ."

ಆ ವರ್ಷದ ಆಗಸ್ಟಿನಲ್ಲಿ ಅವರು ಕೆಲಸದ ಜಾಗದಲ್ಲೇ ತಲೆ ತಿರುಗಿ ಬಿದ್ದರು. ಕಿಡ್ನಿಯಲ್ಲಿ ಕಲ್ಲಿದೆ, ಇನ್ನು ಬಿಸಿಲಿನ ಕೆಲಸ ಬೇಡ ಎಂದರು ಡಾಕ್ಟರು. ಬಿಸಿಲಿಲ್ಲದ ಕೆಲಸ ದುಬೈಯಲ್ಲಿ ತೋಟಗಾರನಿಗೆ ಎಲ್ಲಿಂದ ಬರಬೇಕು? ಇತ್ತು, ಒಂದೇ ಒಂದು ಇತ್ತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿದ್ದ ಕಂಪನಿಯ ನರ್ಸರಿಯಲ್ಲಿ ಹೊಸದಾಗಿ ಗಾಜಿನ ಕೂಲ್ ಹೌಸ್ ಕಟ್ಟಿದ್ದರು. ಅಬುಧಾಬಿಯ ಯಾವುದೋ ಹೋಟೆಲಿಗೆ ಚಳಿ ಸೀಮೆಯ ಬೆಟ್ಟದ ಗಿಡಗಳು ಬೇಕಾಗಿದ್ದವು. ಅದನ್ನು ನೋಡಿಕೊಳ್ಳಲು ಒಬ್ಬ ಬೇಕು. ಕಂಪನಿಯ ಮನಸ್ಸು ಆಫೀಸಿನ ಕ್ಲಾರೆನ್ಸ್ ಮೇಲಿತ್ತು, ಅವನಿಗೆ ತೋಟಗಾರಿಕೆಯ ಡಿಪ್ಲೊಮಾ ಇತ್ತು. ಹೊಸದಾಗಿ ಬಂದ ಪೋರ್ಚುಗಲ್ಲಿನ ಗಿಡತಜ್ಞೆ ಮೇಡಂ ಮಾತ್ರ, ಡಿಪ್ಲೊಮಾ ನನಗೂ ಇದೆ, ನನಗೆ ಬೇಕಾದದ್ದು ಕೈ ಎಂದಳಂತೆ. ಕೆಲಸ ಕೇಳಿದ ಲಿಯೊನೆಲ್ ಅಂಕಲಿಗೂ ಕ್ಲಾರೆನ್ಸಿಗೂ ಆರಾರು ಗಡ್ಡೆ ಕೊಟ್ಟು, ಫೆಬ್ರವರಿಯ ಎರಡನೇ ಶನಿವಾರ ತಂದು ತೋರಿಸಿ, ನೋಡಿ ತೀರ್ಮಾನ ಮಾಡುತ್ತೇನೆ ಎಂದಳಂತೆ.

ಹಾಗೆ ಅಕ್ಟೋಬರಿನ ಒಂದು ಸಂಜೆ ಲಿಯೊನೆಲ್ ಅಂಕಲ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡಿದ್ದರು.

"ಸುಪ್ರೀತಾಬಾಯಿ, ಒಂದು ವಿಷಯ ಕೇಳ್ಲಿಕ್ಕುಂಟು. ಇಲ್ಲ ಅಂದ್ರೆ ಬೇಜಾರಿಲ್ಲ."

"ಏನು ಅಂಕಲ್?"

"ನಿಮ್ಮ ಫ್ರಿಜ್ಜಲ್ಲಿ ಸ್ವಲ್ಪ ಚಳಿ ಬೇಕಿತ್ತು."

"ಚಳಿನಾ?"

"ಹ್ಞೂಂ. ಹತ್ತು ವಾರದ್ದು."

ಅಂಗೈ ಬಿಚ್ಚಿ ತೋರಿಸಿದರು. ಬೆಳ್ಳುಳ್ಳಿ ಎಸಳಿನಷ್ಟು ದೊಡ್ಡ, ಕಂದು ಸಿಪ್ಪೆಯ ಆರು ಗಡ್ಡೆಗಳು. ಡ್ಯಾಫೊಡಿಲ್ ಎಂದರು. ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಕಂಡ, ಮೊಳಕಾಲೆತ್ತರದ ದೊಡ್ಡ ಹಳದಿ ಹೂವಿನ ಚಿತ್ರ ಸುಪ್ರೀತಾಳ ಕಣ್ಣಿಗೆ ಬಂತು. ಅದಲ್ಲವಂತೆ. ಇದು ಕಾಡು ಜಾತಿ, ಎಲ್ಲಕ್ಕಿಂತ ಚಿಕ್ಕದರಲ್ಲಿ ಒಂದು, ಗೇಣುದ್ದ ಬೆಳೆದರೆ ಹೆಚ್ಚು. ಪೋರ್ಚುಗಲ್ಲಿನ ಉತ್ತರದ ಬೆಟ್ಟಗಳಲ್ಲಿ ಮೇಡಮ್ಮಿನ ಊರು. ಅಲ್ಲಿ ಕುರಿ ಮೇಯುವ ಕಲ್ಲು ಗುಡ್ಡಗಳ ಮೇಲೆ ಚಳಿಗಾಲವಿಡೀ ಮಳೆ ಹೊಯ್ದು ನೆಲ ಪಿಚಕ್ ಪಿಚಕ್ ಎನ್ನುತ್ತದೆ, ಮೇಲಿನ ನೆತ್ತಿಯಲ್ಲಿ ಹಿಮ ಇರುತ್ತದೆ. ಆಗ, ಹುಲ್ಲು ಏಳುವುದಕ್ಕೂ ಮೊದಲು, ಇದು ಹೂ ಬಿಡುತ್ತದೆ. ಬೇಸಿಗೆಗೆ ಅದೇ ಗುಡ್ಡ ಕಾವಲಿಯ ಹಾಗೆ ಕಾದರೂ ಗಡ್ಡೆಗೆ ಏನೂ ಆಗುವುದಿಲ್ಲ, ಕೆಳಗೆ ಮಲಗಿಬಿಡುತ್ತದೆ.

"ನಮ್ಮ ಪದವಿನ ಹಾಗೇ," ಎಂದರು ಲಿಯೊನೆಲ್ ಅಂಕಲ್, ಕಣ್ಣು ಅರಳಿಸಿ. "ಕೆಂಪು ಮುರಕಲ್ಲಿನ ಬಯಲು, ಗೊತ್ತುಂಟಲ್ಲ? ಬೇಸಿಗೆಯಲ್ಲಿ ಕಾಲಿಡ್ಲಿಕ್ಕೆ ಆಗುದಿಲ್ಲ. ಮಳೆ ಬಂದ್ರೆ ಕಲ್ಲಿನ ಸಂದಿನಲ್ಲೆಲ್ಲ ಸಾಸ್ಮೆಯಷ್ಟು ಸಾಸ್ಮೆಯಷ್ಟು ಹೂಗಳು. ನಾವು ಮಕ್ಕಳೆಲ್ಲ ಬುಟ್ಟಿ ಹಿಡ್ಕೊಂಡು ಹೋಗ್ತಿದ್ದದ್ದು, ಮೊಂತಿ ಹಬ್ಬಕ್ಕೆ. ಒಂಬತ್ತು ದಿವಸ ಚರ್ಚಿನಲ್ಲಿ ಮಾತೆಗೆ ಹಾಕ್ಲಿಕ್ಕೆ. ದೊಡ್ಡ ಹೂ ಎಲ್ಲ ಮಾಸ್ಟ್ರ ಮಕ್ಕಳು ತರ್ತಿದ್ರು, ಮನೆಯಲ್ಲೇ ತೋಟ. ನನ್ನದು ಯಾವಾಗ್ಲೂ ಸಣ್ಣದು."

ಹೀಗೆ ಹೇಳುವವರಿಗೆ ಟ್ರೇ ಕೊಡುವುದಿಲ್ಲ ಎನ್ನುವುದು ಹೇಗೆ? ಅವಳು ಕೊಟ್ಟಳು. ಕೊಟ್ಟ ಘಳಿಗೆಯಿಂದ ಪಶ್ಚಾತ್ತಾಪ ಪಡತೊಡಗಿದಳು.

ಮೊದಲನೆಯದಾಗಿ, ಫೋನಿನಲ್ಲಿ ಹುಡುಕಿದರೆ ಗಡ್ಡೆ ವಿಷ ಎಂದು ಬಂತು. ತಿಂದರೆ ವಾಂತಿ. ಹರ್ಷಿತನೋ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ರುಚಿ ನೋಡಿ ನಂತರ ಇದೇನು ಎಂದು ಕೇಳುವ ಮಗು. ಲಿಯೊನೆಲ್ ಅಂಕಲ್ ತಕ್ಷಣ ಡಬ್ಬಿಗಳ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ "ವಿಷ, ಮುಟ್ಟಬಾರದು" ಎಂದು ದುಂಡಗೆ ಬರೆದು ಅಂಟಿಸಿದರು.

"ಅಂಕಲ್, ಅವನಿಗೆ ಕನ್ನಡ ಓದೋಕೆ ಬರಲ್ಲ!"

"ಹೌದಲ್ಲ!" ಎಂದು ಅವರು ಕೆಳಗೆ ಒಂದು ತಲೆಬುರುಡೆ, ಎರಡು ಎಲುಬು ಬಿಡಿಸಿದರು.

ಮರುದಿನ ಹರ್ಷಿತ್ ಫ್ರಿಜ್ಜಿನ ಮುಂದೆ ಮಂಡಿಯೂರಿ ಕುಳಿತಿದ್ದ. "ಮಮ್ಮಾ, ಇಟ್ಸ್ ಅ ಪೈರೇಟ್ ಪ್ಲಾಂಟ್! ಕ್ಯಾನ್ ಐ ಫೀಡ್ ಇಟ್?" ಅಂದಿನಿಂದ ಫ್ರಿಜ್ಜಿನ ಬಾಗಿಲಿಗೆ ವೆಲ್ಕ್ರೊ ಪಟ್ಟಿ ಬಂತು. ಆ ಪಟ್ಟಿ ಬಿಚ್ಚಿ ಮುಚ್ಚಿ ದಿನಕ್ಕೆ ಇಪ್ಪತ್ತು ಸಲ ಅವಳ ಉಗುರು ಕಿತ್ತು ಬರುತ್ತಿತ್ತು.

ಎರಡನೆಯದು ನೀರು. ನಳ್ಳಿ ನೀರು ಆಗುವುದಿಲ್ಲವಂತೆ ಆ ಮಹಾರಾಜನಿಗೆ, ಉಪ್ಪು ಸುಣ್ಣ ತಾಗಬಾರದಂತೆ. ಕಿಟಕಿಯ ಎ.ಸಿ.ಯಿಂದ ತೊಟ್ಟಿಕ್ಕುವ ನೀರೇ ಬೇಕು. ಅದಕ್ಕಾಗಿ ಎ.ಸಿ.ಯ ಪೈಪಿನ ಕೆಳಗೆ ಒಂದು ಕ್ಯಾನು. ಅಡುಗೆಮನೆಗೆ ಹೋಗುವಾಗಲೆಲ್ಲ ಅವಳ ಕಾಲಿನ ಕಿರುಬೆರಳು ಅದಕ್ಕೆ ತಾಗುತ್ತಿತ್ತು.

ಮೂರನೆಯದು ಸೇಬು.

"ಇನ್ನೊಂದು ಉಂಟು," ಎಂದಿದ್ದರು ಲಿಯೊನೆಲ್ ಅಂಕಲ್, ಸಂಕೋಚದಿಂದ ಕೈ ಹೊಸೆಯುತ್ತ. "ಈ ಟ್ರೇಯಲ್ಲಿ ಆಪಲ್ ಇಡ್ಬಾರ್ದು ಬಾಯಿ. ಆಪಲಿನ ಗಾಳಿ ತಾಗಿದ್ರೆ ಒಳಗೆ ಹೂ ಸಾಯ್ತದಂತೆ. ಮೇಡಂ ಹೇಳಿದ್ದು."

"ಸೇಬಿನ ಗಾಳಿನಾ?"

"ಹ್ಞೂಂ. ಕಾಣುದಿಲ್ಲ. ವಾಸನೆಯೂ ಇಲ್ಲ."

ಕಾಣದ, ವಾಸನೆಯಿಲ್ಲದ ಗಾಳಿ! ಸುಪ್ರೀತಾಳಿಗೆ ಮೈ ಉರಿಯಿತು. ಬೆಂಗಳೂರಿನ ಮನೆಯಲ್ಲಿ ಅವಳ ಅಜ್ಜಿಗೂ ಇಂಥದೇ ಒಂದು ಗಾಳಿ ಗೊತ್ತಿತ್ತು. ಮುಟ್ಟಾದ ಹೆಣ್ಣಿನ ಗಾಳಿ ತಾಗಿದರೆ ಮಲ್ಲಿಗೆ ಬಳ್ಳಿ ಸಾಯುತ್ತದೆ ಎಂದು ತಿಂಗಳಿಗೆ ಮೂರು ದಿನ ಅವಳನ್ನು ಹಿತ್ತಲಿಗೆ ಬಿಡುತ್ತಿರಲಿಲ್ಲ. ಹದಿಮೂರರ ಸುಪ್ರೀತಾ ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಬೇಕೆಂತಲೇ ಹೋಗಿ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ಸವರಿ ಬಂದಿದ್ದಳು. ಬಳ್ಳಿ ಸಾಯಲಿಲ್ಲ. ಆ ವರ್ಷ ಮೊಳ ಮೊಳ ಹೂ ಬಿಟ್ಟಿತು. ಆಮೇಲೆ ಯಾರಾದರೂ ಇದು ತಾಗಿದರೆ ಅದು ಸಾಯುತ್ತದೆ ಎಂದರೆ ಅವಳಿಗೆ ಒಳಗಿನಿಂದಲೇ ನಗು ಬರುತ್ತಿತ್ತು.

"ಆಯ್ತು ಅಂಕಲ್," ಎಂದಳು. ಹಿರಿಯರ ಜೊತೆ ವಾದವೇಕೆ?

ನವೆಂಬರ್ ನಡುವಿನಲ್ಲಿ ಕಂಪನಿ ಅವರನ್ನು ಅಬುಧಾಬಿಗೆ ಕಳಿಸಿತು. ಡಿಸೆಂಬರ್ ಎರಡರ ರಾಷ್ಟ್ರೀಯ ದಿನಕ್ಕೆ ರಸ್ತೆಗಳ ಬದಿಯಲ್ಲೆಲ್ಲ ಹೂ ತುಂಬಬೇಕಿತ್ತು. ಮೂರು ವಾರ ಅಲ್ಲಿಯ ಕ್ಯಾಂಪಿನಲ್ಲೇ ವಾಸ. ಹೊರಡುವಾಗ ಟ್ರೇ ಎಳೆದು ಡಬ್ಬಿಗಳನ್ನೊಮ್ಮೆ ನೋಡಿ, "ಮಾಫಿ ಆಪಲ್, ಬಾಯಿ," ಎಂದು, ಸೇಬು ಇಲ್ಲ ಎಂಬುದನ್ನು ಅರ್ಧ ಅರಬಿಯಲ್ಲಿ ನೆನಪಿಸಿ, ನಕ್ಕು ಹೋದರು.

ಅವರು ಹೋದ ಮೂರನೇ ದಿನಕ್ಕೆ ಹರ್ಷಿತನಿಗೆ ಹೊಟ್ಟೆ ಕಟ್ಟಿತು. ಎರಡು ದಿನ, ಮೂರು ದಿನ. ಸುಪ್ರೀತಾ ಬಾತ್‌ರೂಮಿನ ಬಾಗಿಲಲ್ಲಿ ಕುಳಿತು ಕತೆ ಹೇಳಿದಳು, ಹಾಡು ಹೇಳಿದಳು, ಕೊನೆಗೆ ಅತ್ತಳು. ಕ್ಲಿನಿಕ್ಕಿನ ಡಾಕ್ಟರು ಹಣ್ಣು ಕೊಡಿ, ಸಿಪ್ಪೆ ಸಮೇತ ಸೇಬು ಕೊಡಿ ಎಂದರು. ಮಗುವಿಗೆ ಹಿಡಿಸಿದ್ದೂ ಸೇಬೊಂದೇ. ಆ ವಾರ ಅಂಗಡಿಯಲ್ಲಿ ಐದು ಕಿಲೋದ ಪೆಟ್ಟಿಗೆಯೇ ಆಫರಿನಲ್ಲಿತ್ತು. ತಂದಳು. ಮೇಲಿನ ಕಪಾಟುಗಳಲ್ಲಿ ತುದಿಬೆರಳು ಇಡಲೂ ಜಾಗವಿಲ್ಲ. ಟ್ರೇ ಎಳೆದಳು. ತಲೆಬುರುಡೆಗಳು ಅವಳನ್ನು ನೋಡಿದವು.

"ನೋಡಿದ್ದು ಸಾಕು, ಸ್ವಲ್ಪ ಸರೀರಿ," ಎಂದು ಡಬ್ಬಿಗಳನ್ನು ಮೂಲೆಗೆ ತಳ್ಳಿ, ಸುತ್ತಲೂ ಸೇಬು ಜೋಡಿಸಿದಳು. ಏನೋ ಗೆದ್ದಂತಾಯಿತು.

ಹದಿನೈದು ದಿನ ಆ ಟ್ರೇಯಲ್ಲಿ ಸೇಬಿತ್ತು.

ಲಿಯೊನೆಲ್ ಅಂಕಲ್ ಬಂದ ಸಂಜೆ ಬೂಟು ಕಟ್ಟಿಟ್ಟು, ಕೈ ತೊಳೆದು, ಸೀದಾ ಫ್ರಿಜ್ಜು ತೆರೆದರು. ಇನ್ನೂ ನಾಲ್ಕು ಸೇಬು ಉಳಿದಿದ್ದವು. ಸುಪ್ರೀತಾ ಬೈಗುಳಕ್ಕೆ ಬೇಕಾದ ಉತ್ತರಗಳನ್ನು ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಲ್ಲಿಸಿಕೊಂಡು ನಿಂತಳು: ಮಗುವಿನ ಹೊಟ್ಟೆ, ಡಾಕ್ಟರು, ಇದು ನನ್ನ ಫ್ರಿಜ್ಜು.

ಅವರು ಟ್ರೇಯನ್ನು ಮೆಲ್ಲಗೆ ಒಳಗೆ ದೂಡಿದರು.

"ಹರ್ಷಿತಪುತಾನಿಗೆ ಈಗ ಹೊಟ್ಟೆ ಸರಿಯಾಗ್ತದಾ?" ಎಂದರು. ಸುಜಿತ್ ಫೋನಿನಲ್ಲಿ ಹೇಳಿದ್ದನೇನೋ.

ಅಷ್ಟೇ. ಸಾಲಾಗಿ ನಿಂತ ಉತ್ತರಗಳೆಲ್ಲ ನಿಂತಲ್ಲೇ ಉಳಿದವು. ಅವತ್ತಿನ ಸಿಟ್ಟು ಅವಳಿಗೆ ವಾರವಾದರೂ ಇಳಿಯಲಿಲ್ಲ.

ಡಿಸೆಂಬರ್ ಕೊನೆಗೆ ಹತ್ತು ವಾರ ಮುಗಿದು ಡಬ್ಬಿಗಳು ಫ್ರಿಜ್ಜಿನಿಂದ ಪಾರ್ಟಿಶನ್ನಿನ ಕಿಟಕಿಗೆ ಹೋದವು. ಜನವರಿಯಲ್ಲಿ ದಾರದಂಥ ಹಸಿರು ಎಲೆಗಳು ಒಂದು ಕಟ್ಟು ಎದ್ದವು. "ನೋಡಿ, ಏನೂ ಆಗಿಲ್ಲ," ಎಂದಳು ಸುಪ್ರೀತಾ, ಜಯದ ದನಿಯಲ್ಲಿ. ಎಲೆಗಳ ನಡುವೆ ಅಕ್ಕಿ ಕಾಳಿನಷ್ಟು ಮೊಗ್ಗು ಕಂಡಾಗ ಸುಜಿತನನ್ನೂ ಕರೆದು ತೋರಿಸಿದಳು. ಅಕ್ಕಿ ಕಾಳು ಭತ್ತದಷ್ಟಾಯಿತು. ಅಲ್ಲೇ ನಿಂತಿತು. ನಾಲ್ಕು ದಿನದಲ್ಲಿ ಕಂದಾಯಿತು, ಈರುಳ್ಳಿ ಸಿಪ್ಪೆಯ ಹಾಗೆ ಪರಪರ ಎಂದಿತು. ಆರಕ್ಕೆ ಆರೂ.

ಲಿಯೊನೆಲ್ ಅಂಕಲ್ ಒಂದು ಮೊಗ್ಗನ್ನು ಗುಂಡುಸೂಜಿಯಿಂದ ಸೀಳಿದರು. ಒಳಗೆ ಹೂವಿನ ಆಕಾರವೆಲ್ಲ ಇತ್ತು, ಒಣಗಿ ಸಣ್ಣ ಹುಳುವಿನ ಹಾಗೆ.

"ಆಪಲ್," ಎಂದರು, ಯಾರನ್ನೂ ಬೈಯದೆ, ಡಾಕ್ಟರು ರೋಗದ ಹೆಸರು ಹೇಳುವ ಹಾಗೆ.

ಸುಪ್ರೀತಾ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನು ತೆರೆದಳು. ಅಕ್ಟೋಬರಿನಲ್ಲೇ ಹುಡುಕಬಹುದಿತ್ತು, ವಿಷವನ್ನು ಹುಡುಕಿದವಳು ಇದನ್ನು ಹುಡುಕಿರಲಿಲ್ಲ. ಸಿಕ್ಕಿತು. ಎಥಿಲೀನ್. ಸೇಬು ಹಣ್ಣಾಗುತ್ತ ಬಿಡುವ ಅನಿಲ, ಬಣ್ಣವಿಲ್ಲ, ತಂಪಿನಲ್ಲಿಟ್ಟ ಹೂಗಡ್ಡೆಯ ಒಳಮೊಗ್ಗನ್ನು ಕೊಲ್ಲುತ್ತದೆ, ಗಡ್ಡೆಯೊಂದಿಗೆ ಹಣ್ಣು ಇಡಲೇಬಾರದು. ಪಿಯುಸಿಯ ಕೆಮಿಸ್ಟ್ರಿಯಲ್ಲಿ ತೊಂಬತ್ತೊಂದು ತೆಗೆದವಳು ಅವಳು. ಅಜ್ಜಿಯ ಗಾಳಿಯೂ ಮೇಡಮ್ಮಿನ ಗಾಳಿಯೂ ಒಂದೇ ಎಂದು ಅವಳಿಗೆ ಹೇಳಿದವರು ಯಾರು?

ಹೊರಗೆ ಬಂದು ಜಗಳಕ್ಕೇ ನಿಂತಳು. "ನೀವು ಸರಿಯಾಗಿ ಹೇಳ್ಬೇಕಿತ್ತು ಅಂಕಲ್!"

"ಹೇಳಿದ್ದೆ ಅಲ್ವಾ ಬಾಯಿ?"

"ಗಾಳಿ ಗಾಳಿ ಅಂದ್ರೆ ಯಾರು ನಂಬ್ತಾರೆ? ಗ್ಯಾಸ್ ಅನ್ಬೇಕಿತ್ತು! ಬಂದ ದಿನ ಗದರ್ಬೇಕಿತ್ತು! ಏನೂ ಅನ್ದೆ ಟ್ರೇ ಮುಚ್ಚಿದ್ರೆ ನಾನೇನು ತಿಳ್ಕೋಬೇಕು?"

"ಗದರಿದ್ರೆ ಹೂ ಬರ್ತಿತ್ತಾ?" ಎಂದರು ಅವರು, ನಿಜವಾಗಿಯೂ ಕೇಳುವವರ ಹಾಗೆ. "ಪರವಾಗಿಲ್ಲ. ರೋಡಿನ ಕೆಲಸ ಉಂಟಲ್ಲ. ಟೊಪ್ಪಿ ದೊಡ್ಡದು ತೆಗೀತೇನೆ."

ಈ ಪರವಾಗಿಲ್ಲವನ್ನು ಸಹಿಸುವುದು ಅವಳಿಂದಾಗಲಿಲ್ಲ. ಮುಂದಿನ ಬೇಸಿಗೆಯ ರಸ್ತೆ, ಐವತ್ತೇಳು ಕಳೆದು ಐವತ್ತೆಂಟಾಗುವ ಮನುಷ್ಯ, ಕಿಡ್ನಿಯ ಕಲ್ಲು, ಎಲ್ಲದಕ್ಕೂ ಐದು ಕಿಲೋ ಸೇಬು ಕಾರಣ. ನಿದ್ದೆ ಹೋಯಿತು. ಸುಜಿತ್ ಸಮಾಧಾನ ಮಾಡಲು ಬಂದ.

"ಬಿಡು ಮಾರಾಯ್ತಿ, ಪೊರ್ಬುಲು ತಲೆಗೆ ಹಾಕ್ಕೊಳ್ಳುವವರಲ್ಲ."

"ಅದೇ ನಂಗೆ ತಲೆಬಿಸಿ! ಅವರದ್ದೂ ಸೇರಿಸಿ ನಾನೇ ಹಾಕ್ಕೋಬೇಕಲ್ಲ!"

ಫೆಬ್ರವರಿಯ ಎರಡನೇ ಶನಿವಾರ ಲಿಯೊನೆಲ್ ಅಂಕಲ್ ಎಂದಿನ ಹಾಗೆ ಐದೂಕಾಲಿನ ಬಸ್ಸಿಗೆ ಹೊರಟರು, ಡಬ್ಬಿಗಳನ್ನು ಚೀಲದಲ್ಲಿಟ್ಟು ಎದೆಗೆ ಒತ್ತಿಕೊಂಡು. ತೋರಿಸುವುದು ಏನೂ ಇಲ್ಲದಿದ್ದರೂ ತಗೊಂಡು ಬಾ ಎಂದದ್ದನ್ನು ತಗೊಂಡು ಹೋಗಬೇಕಲ್ಲ ಎಂದರು. ಒಂಬತ್ತು ಗಂಟೆಗೆ ಸುಪ್ರೀತಾ ಹರ್ಷಿತನನ್ನು ಕರೆದುಕೊಂಡು ಟ್ಯಾಕ್ಸಿ ಹತ್ತಿದಳು. ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದಳು. ಅಂಕಲಿನ ಇಂಗ್ಲಿಷು ಯೆಸ್ ಮೇಡಂ, ವಾಟರ್ ಫಿನಿಶ್ ಮೇಡಂ ದಾಟಿ ಹೋಗುವಂಥದಲ್ಲ. ತಪ್ಪು ನನ್ನದು ಎಂದು ತಪ್ಪು ಮಾಡಿದವಳೇ ಹೇಳಬೇಕು. ದಾರಿಯಲ್ಲಿ ಹರ್ಷಿತ್ ಎರಡು ಸಲ ಸೂಸೂ ಎಂದ. ಗೋದಾಮು, ಫ್ಯಾಕ್ಟರಿ, ಮತ್ತೆ ಗೋದಾಮು. ಡ್ರೈವರ್ ನರ್ಸರಿಯ ಗೇಟು ಸಿಗದೆ ಒಂದೇ ರೌಂಡ್ ಅಬೌಟನ್ನು ಮೂರು ಸುತ್ತು ಹಾಕಿದ. ಮೂರು ಸುತ್ತಿನಲ್ಲೂ ಪೆಟೂನಿಯಾ ನಗುತ್ತಿದ್ದವು.

ಕೂಲ್ ಹೌಸಿನ ಪಕ್ಕದ ಶೆಡ್ಡಿನಲ್ಲಿ ಉದ್ದದ ಮೇಜು. ಕುಳ್ಳಗಿನ, ಬಿಸಿಲಿಗೆ ಮೂಗು ಕೆಂಪಾದ, ಪ್ಯಾಂಟಿನ ಮಂಡಿಗಳಲ್ಲಿ ಮಣ್ಣಿದ್ದ ಹೆಂಗಸು ಮೇಡಂ. ಕೈ ಕಟ್ಟಿ ನಿಂತ ಕನ್ನಡಕದವನು ಕ್ಲಾರೆನ್ಸ್. ಸುಪ್ರೀತಾಳನ್ನು ಕಂಡು ಲಿಯೊನೆಲ್ ಅಂಕಲಿನ ಮುಖ ಇಳಿದುಹೋಯಿತು.

"ನೀವೆಂತಕ್ಕೆ ಬಂದದ್ದು ಬಾಯಿ? ಮಗುವನ್ನು ಸಹ ಕರ್ಕೊಂಡು!"

ಅವಳು ಮೇಡಮ್ಮಿನತ್ತ ತಿರುಗಿ ಬಾಯಿಪಾಠ ಒಪ್ಪಿಸಿದಳು. ಈ ಮನುಷ್ಯ ಹೇಳಿದ್ದರು, ನಾನು ನಂಬಲಿಲ್ಲ. ಇವರು ಅಬುಧಾಬಿಯಲ್ಲಿದ್ದಾಗ ನಾನು ಟ್ರೇಯಲ್ಲಿ ಸೇಬಿಟ್ಟೆ. ಹದಿನೈದು ದಿನ. ಐದು ಕಿಲೋ.

"ಐದು ಕಿಲೋ!" ಎಂದಳು ಮೇಡಂ, ಹುಬ್ಬೇರಿಸಿ. ನಕ್ಕಳೋ ಬೈದಳೋ ತಿಳಿಯಲಿಲ್ಲ. ಲಿಯೊನೆಲ್ ಅಂಕಲಿನ ಒಂದು ಡಬ್ಬಿಯನ್ನು ಎತ್ತಿ, ಬೋರಲು ಹಾಕಿ, ತಳಕ್ಕೆ ತಟ್ಟಿದಳು. ಮಣ್ಣು ಇಡ್ಲಿಯ ಹಾಗೆ ಇಡಿಯಾಗಿ ಹೊರಬಂತು, ಸುತ್ತಲೂ ಬಿಳಿ ಬೇರಿನ ಬಲೆ. ಬೆರಳಿನಿಂದ ಮಣ್ಣು ಬಿಡಿಸಿದಳು. ಗಡ್ಡೆ ಗಟ್ಟಿಯಾಗಿತ್ತು, ಕೊಟ್ಟಾಗಿನದಕ್ಕಿಂತ ದಪ್ಪ. ಪಕ್ಕದಲ್ಲಿ ಎರಡು ಮರಿ ಗಡ್ಡೆಗಳು ಅಂಟಿಕೊಂಡಿದ್ದವು.

"ನೀರು?" ಎಂದು ಕೇಳಿದಳು.

"ಎ.ಸಿ. ವಾಟರ್, ಮೇಡಂ," ಎಂದರು ಲಿಯೊನೆಲ್ ಅಂಕಲ್. ಆದರೆ ಅವರ ಕಣ್ಣು ಮೇಡಮ್ಮಿನ ಮೇಲಿರಲಿಲ್ಲ. ಮೇಜಿನ ಆ ತುದಿಯಲ್ಲಿ ಕ್ಲಾರೆನ್ಸಿನ ಕುಂಡಗಳಿದ್ದವು. ಅವುಗಳಲ್ಲೊಂದು ಹೂ ಬಿಟ್ಟಿತ್ತು. ಅವರು ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಮೊಣಕಾಲು ಬಾಗಿಸಿ, ಮುಖವನ್ನು ಹೂವಿನ ಮಟ್ಟಕ್ಕೆ ಇಳಿಸಿದ್ದರು.

ಸುಪ್ರೀತಾಳೂ ನೋಡಿದಳು. ಇದೇನಾ? ದಾರದಂಥ ದಂಟು, ಅದರ ತುದಿಯಲ್ಲಿ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದಾದ ಹಳದಿ. ದಳಗಳು ಹೆಸರಿಗೆ ಮಾತ್ರ, ಎಳೆ ಎಳೆಯಾಗಿ ಹಿಂದಕ್ಕೆ ಚಾಚಿದ್ದವು. ನಡುವಿನ ಬಟ್ಟಲು ಮಾತ್ರ ಗಾಳಿ ತುಂಬಿದ ಲಂಗದ ಹಾಗೆ ಉಬ್ಬಿತ್ತು, ಯಾರೋ ಗೊಂಬೆಯದ್ದನ್ನು ಒಗೆದು ಒಣಗಲು ಹಾಕಿದಂತೆ. ಇದಕ್ಕಾಗಿ ಅವಳ ಬೆಂಡೆಕಾಯಿಗಳೆಲ್ಲ ಬಾಡಿದ್ದವು.

ಮೇಡಂ ಕ್ಲಾರೆನ್ಸಿನ ಕುಂಡಕ್ಕೆ ಬೆರಳು ಹಾಕಿ ಬುಡದ ಮಣ್ಣು ಕೆದಕಿದಳು. ಹೂ ಅಲುಗಿತು.

"ಮೆಲ್ಲ ಮೇಡಂ, ಮೆಲ್ಲ!" ಎಂದರು ಲಿಯೊನೆಲ್ ಅಂಕಲ್ ಕನ್ನಡದಲ್ಲೇ.

ಆ ಗಡ್ಡೆ ಒತ್ತಿದರೆ ಕೊಳೆತ ಈರುಳ್ಳಿಯ ಹಾಗೆ ಬೆರಳಿಗೆ ಮೆತ್ತಗೆ ಸಿಕ್ಕಿತು. ಬೇರು ಕಂದು. "ದಿನಾ ನೀರು ಹಾಕಿದ್ದೆ," ಎಂದ ಕ್ಲಾರೆನ್ಸ್, ಪೆಚ್ಚಾಗಿ. ಅದೇ ಎಂದಳು ಮೇಡಂ. ಸುಪ್ರೀತಾಳ ಕಡೆ ತಿರುಗಿ ವಿವರಿಸಿದಳು. ಈ ವರ್ಷದ ಹೂ ಇವರಿಬ್ಬರದೂ ಅಲ್ಲ. ಹೋದ ವರ್ಷ ನನ್ನ ಊರಿನಲ್ಲಿ ಇದನ್ನು ಬೆಳೆಸಿದವರು ಮಾಡಿ ಗಡ್ಡೆಯೊಳಗೆ ಇಟ್ಟು ಕಳಿಸಿದ್ದು. ಕ್ಲಾರೆನ್ಸ್ ಸೇಬು ಇಡಲಿಲ್ಲ, ಅದು ತೆರೆಯಿತು. ನೀನು ಇಟ್ಟೆ, ಸತ್ತಿತು. ಇವರಿಬ್ಬರು ಮಾಡಿದ್ದು ಹೂವಿನಲ್ಲಿ ಕಾಣುವುದಿಲ್ಲ, ಬೇರಿನಲ್ಲಿ ಕಾಣುತ್ತದೆ. ಆ ಗಡ್ಡೆಗೆ ಇದೇ ಕೊನೆಯ ಹೂ. ಲಿಯೊನೆಲ್‌ನ ಈ ಆರು ಗಡ್ಡೆ ಈಗ ಹದಿನೈದೋ ಹದಿನಾರೋ ಆಗಿರಬೇಕು. ನನಗೆ ಕೂಲ್ ಹೌಸಿಗೆ ಬೇಕಾದವನು ಇವನು, ನಾಳೆಯಿಂದಲೇ. ಮತ್ತೆ ಕೂಲ್ ಹೌಸಿನೊಳಗೆ ನಿನಗೆ ಪ್ರವೇಶವಿಲ್ಲ.

ಸುಪ್ರೀತಾಳ ಬಾಯಿಪಾಠದ ಇನ್ನರ್ಧ ಹೇಳದೇ ಉಳಿದಿತ್ತು. ಈಗ ಅದನ್ನು ಏನು ಮಾಡುವುದು? ಹರ್ಷಿತ್ ಅವಳ ದುಪಟ್ಟಾ ಎಳೆಯುತ್ತಿದ್ದ, ಮೂರನೇ ಸಲದ ಸೂಸೂ. ಇಷ್ಟೆಲ್ಲ ನಡೆದದ್ದು ಯಾರಿಗಾಗಿಯೋ ಆ ಮನುಷ್ಯ ಮಾತ್ರ ಇತ್ತ ಬೆನ್ನು ಹಾಕಿ ಇನ್ನೂ ಬಾಗಿಯೇ ಇದ್ದರು.

"ಅಂಕಲ್! ಕೇಳಿಸ್ತಾ? ಕೂಲ್ ಹೌಸ್ ನಿಮಗೇ ಅಂತೆ. ನಾಳೆಯಿಂದಾನೇ."

"ಹಾಂ, ಹಾಂ," ಎಂದರು ಅವರು, ತಲೆ ಎತ್ತದೆ. "ಬಾಯಿ, ಒಮ್ಮೆ ಇಲ್ಲಿ ಬನ್ನಿ. ಇದಕ್ಕೆ ಪರಿಮಳ ಉಂಟಾ ನೋಡಿ. ನನಗೆ ಶೀತ ಆಗಿ ಮೂಗು ಕಟ್ಟಿದೆ."

"ಅಂಕಲ್, ನಾನು ಹೇಳಿದ್ದು ಕೇಳಿಸ್ತಾ ಅಂದೆ?"

"ಕೇಳಿತು, ಕೇಳಿತು. ಬನ್ನಿ ನೀವು."

ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು, ಅವರ ಪಕ್ಕದಲ್ಲಿ ಬಾಗಿದಳು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದಳು. ಒಂದು ಸಲ. ನಂಬಿಕೆ ಬಾರದೆ ಇನ್ನೊಂದು ಸಲ.

"ಏನೂ ಇಲ್ಲ!" ಎಂದಳು. "ಹತ್ತು ವಾರ ಫ್ರಿಜ್ಜು ಕೊಟ್ಟಿದೀನಿ ಅಂಕಲ್, ಒಂಚೂರು ಪರಿಮಳನಾದ್ರೂ ಬೇಡ್ವಾ ಇದಕ್ಕೆ?"